ಜೋಯಿಸರ ಹಬ್ಬದ ಬಟ್ಟಲು

ನಮ್ಮ ಅಪ್ಪ ಹಿರೇಕೆರೂರಿನ ಚರ್ಚಿನ ಹಿರಿಯರಲ್ಲೊಬ್ಬ. ಅಜ್ಜನ ಕಾಲಕ್ಕೇ ಲಿಂಗ ತೆಗೆದಿಟ್ಟು ಯೇಸುಸ್ವಾಮಿಯನ್ನು ನಂಬಿದ ಮನೆತನ. ಲಿಂಗ ಹೋಯಿತು, ಜಾತಿ ಮಾತ್ರ ಹೋಗಲಿಲ್ಲ. ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ ಅನ್ನುತ್ತಾರಲ್ಲ, ಆ ಪೈಕಿ.

ಚರ್ಚಿನಲ್ಲಿ ಯೇಸುಸ್ವಾಮಿಯ ನೆನಪಿಗೆ ರೊಟ್ಟಿ, ದ್ರಾಕ್ಷಾರಸ ಹಂಚುವ ಪ್ರಭುಭೋಜನದಲ್ಲಿ ಬಟ್ಟಲು ಒಂದೇ, ಎಲ್ಲರ ತುಟಿಗೂ ಅದೇ. ಅದಕ್ಕೇ ಮೊದಲು ಹಿರಿಯರ ಮನೆಯವರು ಕುಡಿಯಬೇಕು, ಕಟ್ಟಕಡೆಗೆ ಮಾಸೂರಿನಿಂದ ನಡೆದು ಬರುತ್ತಿದ್ದ ಕೂಲಿಯವರು. ಅವರು ಊರ ಹೊರಗಿನ ಕೇರಿಯಿಂದ ಕ್ರೈಸ್ತರಾದವರು. ಈ ಸರದಿ ಬೈಬಲ್ಲಿನಲ್ಲಿ ಎಲ್ಲಿ ಬರೆದಿದೆಯೋ, ಆ ಮಹಾನುಭಾವರೇ ಬಲ್ಲರು.

ಯುದ್ಧದ ಕಾಲ, ನಾನಿನ್ನೂ ಲಂಗದ ಹುಡುಗಿ. ಹಾನಗಲ್ಲಿನಿಂದ ಹೊಸ ಪಾದ್ರಿ ಬಂದಿದ್ದರು. ಮೂಡಣ ದೇಶದ ಜೋಯಿಸರು ಬಾಲಯೇಸುವನ್ನು ಕಾಣಲು ಬಂದ ನೆನಪಿಗೆ ಒಂದು ಆರಾಧನೆ ಮಾಡಿ ಕ್ರಿಸ್‌ಮಸ್ ಮುಗಿಸುವುದು ನಮ್ಮಲ್ಲಿ ರೂಢಿ. ಅವತ್ತು ಪಾದ್ರಿ ಪ್ರಭುಭೋಜನದ ಬಟ್ಟಲು ಹಿಡಿದು ಹೇಳಿದರು: "ಜೋಯಿಸರು ದೂರದಿಂದ ಬಂದವರು. ಇವತ್ತ ದೂರದವರು ಮೊದಲ ಬರ್ರಿ."

ಮಾಸೂರಿನವರು ಅಂಜುತ್ತ ಎದ್ದು ಹೋಗಿ ಕುಡಿದರು. ಆಮೇಲೆ ನೋಡಬೇಕಿತ್ತು ನಮ್ಮ ಹಿರಿಯರ ಭಕ್ತಿ! ಒಬ್ಬನಿಗೆ ದಿಢೀರನೆ ನೆಗಡಿ ಬಂತು. ಇನ್ನೊಬ್ಬ ಎತ್ತಿಗೆ ನೀರು ಕುಡಿಸಬೇಕೆಂದು ಎದ್ದು ಹೋದ. ಅಪ್ಪ ಕಣ್ಣು ಮುಚ್ಚಿ ಪ್ರಾರ್ಥನೆಗೆ ಕುಳಿತ. ಅಷ್ಟುದ್ದ ಪ್ರಾರ್ಥನೆಯನ್ನು ಆತ ಜನ್ಮದಲ್ಲಿ ಮಾಡಿರಲಿಲ್ಲ. ಥೂ! ಅವ್ವ ಒಬ್ಬಳೇ ಸೆರಗು ಸರಿಮಾಡಿಕೊಂಡು ಹೋಗಿ, ಅದೇ ಬಟ್ಟಲಿಗೆ ತುಟಿ ಹಚ್ಚಿ ಬಂದಳು.

ಮನೆಗೆ ಬಂದ ಕೂಡಲೇ ಅಪ್ಪ ಅಡುಗೆಮನೆಯ ಬಾಗಿಲಿಗೆ ಅಡ್ಡ ನಿಂತ. "ಜಳಕಾ ಮಾಡಿ ಒಳಗ ಹೋಗು. ಇಲ್ಲಾಂದ್ರ ಈ ಮನ್ಯಾಗ ಇನ್ನ ಒಲಿ ಮುಟ್ಟಬ್ಯಾಡ."

ಒಲೆ ಬಿಟ್ಟರೆ ಅವ್ವನಿಗೆ ಆ ಮನೆಯಲ್ಲಿ ತನ್ನದೆನ್ನುವ ಜಾಗವೇ ಇರಲಿಲ್ಲ. ನನಗೆ ಅಳು ಬಂತು.

"ಯೇಸುಸ್ವಾಮಿ ಬಟ್ಟಲಾ ಮುಟ್ಟಿದ್ದಕ್ಕ ಮೈಲಿಗಿ ಆತೇನ್ರಿ?" ಅಂದಳು ಅವ್ವ. ಅವಳು ಅಪ್ಪನನ್ನು ಸರಿಸಿ ಒಳಹೊಕ್ಕು, ಮುಂಜಾನೆ ಮಾಡಿಟ್ಟಿದ್ದ ಹೋಳಿಗೆ, ಕಟ್ಟಿನ ಸಾರು, ಅನ್ನ, ಒಂದೊಂದರ ಮುಚ್ಚಳವನ್ನೂ ತೆಗೆದು ಮುಟ್ಟಿ ಮುಟ್ಟಿ ಇಟ್ಟಳು. "ಎಲ್ಲಾ ಮುಟ್ಟೇನಿ. ಉಣ್ಣೂದಿದ್ರ ಉಣ್ರಿ, ಇಲ್ಲಾ ಬಿಡ್ರಿ. ನಾ ಜಳಕಾ ಮಾಡಂಗಿಲ್ಲ."

ಅಪ್ಪ ಸಿಟ್ಟಿನಿಂದ ಹೊರಗಿನ ಕಟ್ಟೆಯ ಮೇಲೆ ಕುಳಿತ. ನಾವಿಬ್ಬರೂ ಉಂಡೆವು. ಹೊತ್ತಿಳಿಯುವವರೆಗೆ ಆತನ ಧರ್ಮ ಗಟ್ಟಿಯಾಗಿಯೇ ಇತ್ತು. ಆಮೇಲೆ ಹಸಿವು ಗೆದ್ದಿತು. ಉಳಿದ ಹಿರಿಯರು ಕಂಡಾರೆಂದು ಮುಂಬಾಗಿಲ ಚಿಲಕ ಹಾಕಿ ಒಳಗೆ ಬಂದ. ಗೋಡೆಗೆ ಮುಖ ಮಾಡಿ ಕುಳಿತು "ನೀಡು" ಅಂದ.

ಅವ್ವ ಎರಡು ಹೋಳಿಗೆ ನೀಡಿ, ಮೇಲೆ ತುಪ್ಪ ಸುರಿದಳು. ಆತ ಮೊದಲ ತುತ್ತು ಬಾಯಿಗಿಟ್ಟಿದ್ದೇ ತಡ, ಎದ್ದು ಹೋಗಿ ಮುಂಬಾಗಿಲನ್ನು ಪೂರ್ತಿ ತೆರೆದಿಟ್ಟಳು.