ರಕ್ತ ತೆಳು ಮಾಡುವ ಗುಳಗಿ

ಆಪರೇಶನ್ ಮುಗಿಸಿ ಮನೆಗೆ ಬಂದ ಹೊಸದರಲ್ಲಿ ಅತ್ತೆ ನನ್ನ ತಲೆ ಬಾಚುತ್ತಿದ್ದರು. ನಡುವೆ ಕೈ ನಿಲ್ಲಿಸಿ, "ಗಡಿಯಾರ ಎಲ್ಲಿಟ್ಟೀಬೇ? ಟಿಕ್ ಟಿಕ್ ಅನ್ನಾಕತ್ತದ" ಎಂದರು. ನಾನು ಅವರ ಕೈ ಹಿಡಿದು ಎದೆಯ ಹತ್ತಿರ ತಂದೆ. ಒಳಗೆ ಕೂಡಿಸಿದ ಹೊಸ ಕವಾಟ ಮುಚ್ಚಿಕೊಳ್ಳುವ ಸದ್ದು ಅದು. ಅತ್ತೆ ಕಿವಿಗೊಟ್ಟು ಕೇಳಿ, "ಚೊಲೋ ಆತು ಬಿಡು. ಸುಮ್ನ ಕುಂತ್ರೂ ನೀ ಅದೀ ಅಂತ ಗೊತ್ತಾಗ್ತದ" ಎಂದು ಮತ್ತೆ ಬಾಚತೊಡಗಿದರು.

ನನ್ನ ತವರು ಆಳಂದ ತಾಲೂಕಿನ ಸರಸಂಬಾ. ಚಿಕ್ಕವಳಿದ್ದಾಗ ಕೀಲುಗಳೆಲ್ಲ ಬಾತು ಜ್ವರ ಬಂದಿತ್ತು. ಬೆಳೆಯುವ ಹುಡುಗಿ, ಕಾಲು ನೋಯುತ್ತವೆ ಎಂದು ಅವ್ವ ಎಣ್ಣೆ ತಿಕ್ಕಿದ್ದಳು. ಆ ಜ್ವರ ಹೃದಯದ ಕವಾಟವನ್ನು ಕೆಡಿಸಿಟ್ಟು ಹೋಗಿತ್ತೆಂದು ತಿಳಿದದ್ದು ಮದುವೆಯಾಗಿ ಜೇವರ್ಗಿಗೆ ಬಂದ ಮೇಲೆ, ಕೊಡ ಹೊತ್ತು ಹೊಸ್ತಿಲು ದಾಟುವಷ್ಟರಲ್ಲಿ ಉಸಿರು ಸಿಗದೆ ಕುಸಿದು ಕೂತ ದಿನ. ಕಲಬುರಗಿಯಲ್ಲಿ ಎದೆ ತೆರೆದು ಕವಾಟ ಬದಲಿಸಿದರು.

"ಕವಾಟದ ಮ್ಯಾಲ ರಕ್ತ ಹೆಪ್ಪುಗಟ್ಟಬಾರದು" ಎಂದು ಡಾಕ್ಟರು ಹೇಳಿದ್ದರು. "ರಕ್ತ ತೆಳು ಮಾಡೋ ಗುಳಗಿ ಇರೋತನಕ ತಗೋಬೇಕ್ರಿ. ಮಕ್ಕಳ ವಿಚಾರ ಇದ್ರ ಮೊದ್ಲ ನನಗ ಕೇಳ್ರಿ. ಈ ಗುಳಗಿ ಬಸಿರಿಗೆ ಆಗಿಬರಂಗಿಲ್ಲ."

ನಾನೂ ಗಂಡನೂ ತಲೆಯಾಡಿಸಿದೆವು. ಅವತ್ತು ನಮಗೆ ಜೀವ ಉಳಿಸಿಕೊಂಡು ಮನೆಗೆ ಹೋದರೆ ಸಾಕಾಗಿತ್ತು.

ಕೊಯ್ದ ನೋವು ತಿಂಗಳುಗಳಲ್ಲಿ ಇಳಿಯಿತು. ಗುಳಗಿಗಳ ಕಾಟ ಇಳಿಯಲಿಲ್ಲ. ನಾಡಿ ನಿಧಾನ ಮಾಡುವ ಒಂದು ಗುಳಗಿಯಿಂದ ಕೈಕಾಲು ತಣ್ಣಗಾಗುತ್ತಿದ್ದವು. ಜೇವರ್ಗಿಯ ಬೇಸಿಗೆಯಲ್ಲಿ ನಾನು ಕೌದಿ ಹೊದ್ದು ಕೂರುವುದನ್ನು ನೋಡಿ, "ಹೊರಗ ಬೆಂಕಿ ಸುರಿಯಾಕತ್ತದ, ಇಕಿಗಿ ಥಂಡಿ ಅಂತ" ಎಂದು ಅತ್ತೆ ನಗುತ್ತಿದ್ದರು. ಎದ್ದು ನಿಂತರೆ ಕಣ್ಣಿಗೆ ಕತ್ತಲೆ ಕವಿಯುತ್ತಿತ್ತು. ಮೊದಲು ಕೂತು, ಗೋಡೆ ಹಿಡಿದು, ಆಮೇಲೆ ಏಳುವುದನ್ನು ಕೂಸಿನಂತೆ ಕಲಿತೆ. ಪುಂಡಿಪಲ್ಯ, ಮೆಂತೆ ಒಂದು ದಿನ ಹೆಚ್ಚು ಒಂದು ದಿನ ಕಡಿಮೆ ತಿಂದರೆ ರಕ್ತದ ಲೆಕ್ಕ ತಪ್ಪುತ್ತದೆಂದು ಡಾಕ್ಟರು ಹೇಳಿದ್ದರಿಂದ, ಅತ್ತೆ ದಿನಾ ಒಂದೇ ಹಿಡಿ ಸೊಪ್ಪು ಬೇಯಿಸಿ ನನ್ನ ರೊಟ್ಟಿಯ ಮೇಲೆ ಇಡುತ್ತಿದ್ದರು.

ಎಲ್ಲಕ್ಕಿಂತ ಕೆಟ್ಟದ್ದು ಮೈಮೇಲಿನ ಕಂದುಗಲೆ. ಬಾಗಿಲು ತಗುಲಿದರೂ ತೋಳು ನೀಲಿಗಟ್ಟುತ್ತಿತ್ತು. ನಳದ ಹತ್ತಿರ ಪಕ್ಕದ ಮನೆಯವಳು ದನಿ ತಗ್ಗಿಸಿ, "ಗಂಡ ಬಡೀತಾನೇನವ್ವಾ?" ಎಂದು ಕೇಳಿದಳು. ಮನೆಗೆ ಬಂದು ನಗುತ್ತಲೇ ಹೇಳಿದೆ. ಬೇಳೆ ಗಿರಣಿಯಿಂದ ಆಗಷ್ಟೇ ಬಂದಿದ್ದ ನನ್ನ ಗಂಡ ನಗಲಿಲ್ಲ. ತೊಗರಿಯ ಧೂಳು ಮೆತ್ತಿದ ತನ್ನ ಕೈಗಳನ್ನು ನೋಡಿಕೊಂಡ. ಅಂದಿನಿಂದ ನನ್ನನ್ನು ಮುಟ್ಟುವಾಗ ಗಾಜಿನ ಸಾಮಾನು ಮುಟ್ಟಿದ ಹಾಗೆ ಮುಟ್ಟುತ್ತಿದ್ದ.

ನಾನು ಮನೆಯಲ್ಲೇ ರವಿಕೆ ಹೊಲಿಯುತ್ತಿದ್ದವಳು. ಒಮ್ಮೆ ಸೂಜಿ ಚುಚ್ಚಿ, ಎಷ್ಟು ಒತ್ತಿ ಹಿಡಿದರೂ ರಕ್ತ ನಿಲ್ಲದೆ ಯಾರದೋ ಮದುವೆಯ ಬಟ್ಟೆ ಕೆಟ್ಟಿತು. ಮಶೀನಿನ ಮೇಲೆ ಹಾಸು ಮುಚ್ಚಿ ಇಟ್ಟೆ. ತಿಂಗಳ ಮುಟ್ಟಂತೂ ಹೇಳಿಕೊಳ್ಳುವಂತಿರಲಿಲ್ಲ. ಹಾಸಿಗೆ ಬಿಟ್ಟು ಏಳಲಾಗದಷ್ಟು ಹೋಗುತ್ತಿತ್ತು. ಹಾಗಾಗಿ ಒಂದು ತಿಂಗಳು ಅದು ಬಾರದೇ ಇದ್ದಾಗ ನನಗೆ ಆದದ್ದು ಸಮಾಧಾನ. ಮುಂಜಾನೆಯ ಹೊಟ್ಟೆ ತೊಳಸುವಿಕೆಯನ್ನೂ ಗುಳಗಿಯ ತಲೆಗೇ ಕಟ್ಟಿದೆ. ಅತ್ತೆ ಮಾತ್ರ ನನ್ನ ಮುಖವನ್ನೇ ನೋಡುತ್ತಾ, "ಬೇ, ಇದು ಗುಳಗಿ ಸಂಕಟ ಅಲ್ಲ" ಎಂದರು.

ಎಚ್ಚರಿಕೆಯಿಂದಲೇ ಇದ್ದೆವು. ಆದರೂ ಆಗಿತ್ತು. ಡಾಕ್ಟರು ಬಯ್ಯಲಿಲ್ಲ. ತಕ್ಷಣ ಆ ಗುಳಗಿ ನಿಲ್ಲಿಸಿ, ಬದಲಿಗೆ, ರಕ್ತ ತೆಳು ಮಾಡಲು, ದಿನಾ ಹೊಟ್ಟೆಗೆ ಚುಚ್ಚುವ ಇಂಜೆಕ್ಷನ್ ಬರೆದರು. "ಕೂಸಿಗೂ ಕಷ್ಟ, ನಿಮಗೂ ಕಷ್ಟ. ವಿಚಾರ ಮಾಡ್ರಿ" ಎಂದರು. ಸ್ಕ್ಯಾನಿನ ಕೋಣೆಯಲ್ಲಿ ಕೂಸಿನ ಎದೆಬಡಿತ ಕೇಳಿಸಿದರು. ಕುದುರೆ ಓಡಿದಂತಿತ್ತು. ಹೊರಗೆ ಬಂದು ಗಂಡನಿಗೆ, "ಇಟ್ಕೋತೇನಿ" ಎಂದೆ. ಅವನು ಇಂಜೆಕ್ಷನ್ ಕೊಡುವುದನ್ನು ನರ್ಸಿನಿಂದ ಕಲಿತುಕೊಂಡ.

ಹೊಟ್ಟೆಯ ತುಂಬ ನೀಲಿ ಕಲೆಗಳಾದವು. ಅವುಗಳ ನಡುವೆಯೇ ಹೊಟ್ಟೆ ಮೂಡಿತು. ಐದನೇ ತಿಂಗಳಲ್ಲಿ ತವರಿನವರು ಹಸಿರು ಸೀರೆ, ಹಸಿರು ಬಳೆ ತಂದು ಉಡಿ ತುಂಬುವ ಕುಬುಸಕ್ಕೆ ಅವ್ವ ಮೊದಲೇ ರವಿಕೆಯ ಖಣ ಕಳಿಸಿದಳು. ಮಶೀನಿನ ಹಾಸು ತೆಗೆದೆ. "ಸೂಜಿ ಜ್ವಾಕಿ" ಎನ್ನುತ್ತಾ ಅತ್ತೆ ಪಕ್ಕದಲ್ಲೇ ಕೂತರು. ಆ ರವಿಕೆ ಹೊಲಿದಷ್ಟು ಸಂತೋಷದಿಂದ ನಾನು ಏನನ್ನೂ ಹೊಲಿದಿಲ್ಲ.

ಕುಬುಸಕ್ಕೆ ಇನ್ನೂ ದಿನಗಳಿರುವಾಗ ಮಧ್ಯಾಹ್ನ ಊಟಕ್ಕೆ ಕೂತವಳಿಗೆ ಸೊಂಟ ಹಿಡಿಯಿತು. ಕಲಬುರಗಿ ಮುಟ್ಟುವಷ್ಟರಲ್ಲಿ ಸೀರೆಯೆಲ್ಲ ತೊಯ್ದಿತ್ತು. ನನ್ನನ್ನು ಉಳಿಸಿಕೊಂಡರು. ಕೂಸು ಉಳಿಯಲಿಲ್ಲ.

"ಗುಳಗಿಯಿಂದ ಆತೋ, ಇಂಜೆಕ್ಷನ್‌ದಿಂದ ಆತೋ, ತಾನಾಗೇ ಆತೋ, ಖರೆ ಹೇಳಬೇಕಂದ್ರ ನನಗೂ ಗೊತ್ತಿಲ್ರಿ" ಎಂದರು ಡಾಕ್ಟರು. "ಇನ್ನೊಮ್ಮೆ ಮಾತ್ರ ಬ್ಯಾಡ."

ಮಣ್ಣು ಮಾಡಿ ಬಂದ ಗಂಡನನ್ನು ಕೇಳಿದೆ, "ಏನಿತ್ತು?"

"ಹೆಣ್ಣು." ಗೋಡೆಯ ಕಡೆ ತಿರುಗಿ ಹೇಳಿದ, "ಬೆರಳು ನಿನ್ನಂಗ ಉದ್ದ ಇದ್ವು."

ಅವ್ವ ಸರಸಂಬಾದಿಂದ ಬಂದಳು. ಕುಬುಸಕ್ಕೆಂದು ಕೊಂಡಿದ್ದ ಹಸಿರು ಬಳೆಗಳನ್ನು ಅಲ್ಲೇ ಬಿಟ್ಟು ಬರಿಗೈಯಲ್ಲಿ ಬಂದಿದ್ದಳು. ಅವಳು ಬಂದ ದಿನವೇ ನನ್ನ ಎದೆಯಲ್ಲಿ ಹಾಲು ತುಂಬಿತು. ಕೊಯ್ದ ಗಾಯದ ಎರಡೂ ಕಡೆ ಕಲ್ಲಿನಂತೆ ಬಿಗಿದು ರವಿಕೆ ಒದ್ದೆಯಾಯಿತು. ಅವ್ವ ಮತ್ತು ಅತ್ತೆ ಆ ಕಡೆ ಒಬ್ಬರು ಈ ಕಡೆ ಒಬ್ಬರು ನಿಂತು ಹಳೆ ಸೀರೆಯ ಬಟ್ಟೆಯಿಂದ ನನ್ನ ಎದೆ ಬಿಗಿದು ಕಟ್ಟಿದರು.

ರಕ್ತ ನಿಂತ ಮೇಲೆ ಹಳೆಯ ಗುಳಗಿಯನ್ನೇ ಮತ್ತೆ ಶುರು ಮಾಡಿದರು. ಅದನ್ನು ಅಂಗೈಯಲ್ಲಿಟ್ಟುಕೊಂಡು ನೋಡಿದೆ. ನುಂಗಲು ಮನಸ್ಸು ಬರಲಿಲ್ಲ.

"ಒಲ್ಲೆ" ಎಂದೆ.

ಗಂಡ ನೀರಿನ ಲೋಟ ಹಿಡಿದುಕೊಂಡೇ ನನ್ನ ಮುಂದೆ ಕುಕ್ಕರಗಾಲಲ್ಲಿ ಕೂತ. "ಕೂಸು ಹೋತು. ನೀನೂ ಹೋದ್ರ ನಾ ಯಾರ ಮಕ ನೋಡ್ಲಿಬೇ?" ನುಂಗಿದೆ. ಅವನಿಗಾಗಿ ನುಂಗಿದೆ.

ಆದರೆ ಅಳು ಬರುತ್ತಿರಲಿಲ್ಲ. ಊಟ ಬಿಟ್ಟೆ, ಮಾತು ಬಿಟ್ಟೆ. ಅತ್ತೆ ಕೆಲವು ದಿನ ನೋಡಿ, "ನನ್ನ ತವರಿಗೆ ಹೋಗಿ ಬರೂಣು ನಡಿ" ಎಂದರು. ಅವರ ತವರು ಅಫಜಲಪುರ ತಾಲೂಕಿನ ಮಣ್ಣೂರ, ಭೀಮಾ ನದಿಯ ದಂಡೆ. ಅಲ್ಲಿಗೆ ಹೋಗಿ ಮುಟ್ಟಿದ ಮರುದಿನ ಮುಂಜಾನೆ ನನ್ನನ್ನು ಹೊಳೆಯ ಕಡೆ ಕರೆದುಕೊಂಡು ಹೋದರು. ನಾಲ್ಕು ಹೆಜ್ಜೆಗೊಮ್ಮೆ ನನಗಾಗಿ ನಿಲ್ಲುತ್ತಿದ್ದರು. ಕಬ್ಬಿನ ಹೊಲ ದಾಟಿ ಒಂದು ಬೇವಿನ ಮರದ ಕೆಳಗೆ ಕೂತರು.

"ನಿನ್ನ ಗಂಡನ್ಕಿಂತ ಮೊದ್ಲ ನನಗೊಂದು ಹುಟ್ಟಿತ್ತು. ಅದೂ ಹೆಣ್ಣ. ಅಳಲಿಲ್ಲ, ಉಸಿರಾಡಲಿಲ್ಲ. ಇಲ್ಲೇ ಎಲ್ಲೋ ಇಟ್ಟಾರ. ಯಾವ ಜಾಗ ಅಂತ ನನಗ ಯಾರೂ ತೋರಿಸಲಿಲ್ಲ."

"ಯಾರ್ ಮುಂದಾದ್ರೂ ಹೇಳೀರೇನ್ರಿ?"

"ಯಾರು ಕೇಳ್ಯಾರ? ನಿನ್ನ ಗಂಡಗೂ ಗೊತ್ತಿಲ್ಲ." ಅತ್ತೆ ನೆಲದ ಮಣ್ಣನ್ನು ಅಂಗೈಯಿಂದ ಸವರಿದರು. ಆಮೇಲೆ ಅತ್ತರು. ಅಷ್ಟು ವಯಸ್ಸಾದವರು ಹಾಗೆ ಬಿಕ್ಕಿ ಅಳುವುದನ್ನು ನಾನು ನೋಡಿರಲಿಲ್ಲ. ಅವರನ್ನು ತಬ್ಬಿಕೊಂಡಾಗ ನನಗೂ ಅಳು ಬಂತು. ಎದೆಯ ಮೂಳೆ ಕೂಡಿದ ಜಾಗ ನೋಯುತ್ತಿತ್ತು, ಆದರೂ ಅಳು ನಿಲ್ಲಿಸಲಿಲ್ಲ.

ಹೊಳೆಯಲ್ಲಿ ಮುಖ ತೊಳೆದುಕೊಂಡು ಊರೊಳಗೆ ಬಂದೆವು. ಮರುದಿನ ಕಲಬುರಗಿಯಲ್ಲಿ ಗುಳಗಿಯ ಲೆಕ್ಕ ನೋಡುವ ರಕ್ತ ಪರೀಕ್ಷೆಗೆ ಹೋಗಬೇಕಿತ್ತು, ಆದ್ದರಿಂದ ಅಂದೇ ಬಸ್ಸು ಹಿಡಿದೆವು. ಅತ್ತೆ ಕಿಟಕಿಯ ಪಕ್ಕ ನನ್ನನ್ನು ಕೂರಿಸಿ ತಮ್ಮ ಸೆರಗನ್ನು ನನ್ನ ತಣ್ಣನೆಯ ಕೈಗಳ ಮೇಲೆ ಹಾಕಿದರು.