ಧಣಿಗಳು ಹೂಡಿದ ಮುಷ್ಕರ

ಕಳೆದ ಶುಕ್ರವಾರ ಈ ಕೊಲ್ಲಿ ದೇಶದ ರೂವಿಯ ನಮ್ಮ ಮನೆಗೆ ಊಟಕ್ಕೆ ಬಂದ ಗೆಳೆಯ ವಸಂತ ಬಂಗುಡೆ ಸಾರು ಮುಟ್ಟಲಿಲ್ಲ. ಮಂಗಳೂರಿನವನು ಬಂಗುಡೆ ಬಿಟ್ಟನೆಂದರೆ ಗ್ರಹಚಾರ ಕೆಟ್ಟಿದೆಯೆಂದೇ ಅರ್ಥ.

ವಸಂತ ಇಲ್ಲಿನ ಒಂದು ಎಣ್ಣೆ ಕಂಪನಿಯಲ್ಲಿ ಪಂಪ್ ಟೆಕ್ನಿಷಿಯನ್. ಈಗಿಲ್ಲದ ಅವನ ಅಪ್ಪ ಊರಿನ ಹಂಚಿನ ಕಾರ್ಖಾನೆಯಲ್ಲಿ ಕೆಂಪು ಬಾವುಟ ಹಿಡಿದವರು. ಸ್ಟ್ರೈಕ್ ಮಾಡಿದವನ ಜಾಗದಲ್ಲಿ ನಿಂತು ದುಡಿಯುವವನ ಮನೆಯಲ್ಲಿ ನೀರೂ ಕುಡಿಯಬಾರದು ಎಂದು ಮಗನಿಗೆ ಕಲಿಸಿದವರು. (ಮಗ ಮಾತ್ರ ಸ್ಟ್ರೈಕ್ ಎಂಬ ಪದವನ್ನೇ ಮೆಲ್ಲಗೆ ಹೇಳಬೇಕಾದ ದೇಶದಲ್ಲಿ ನೌಕರಿ ಹಿಡಿದ!)

"ಎಂತ ಆಯ್ತು ಮಾರಾಯ?" ಎಂದೆ.

"ದಕ್ಷಿಣ ಅಮೆರಿಕದಲ್ಲಿ ಒಂದು ಕಡೆ ಎಣ್ಣೆಯವರ ಸ್ಟ್ರೈಕ್ ಅಂತೆ. ಅಲ್ಲಿನ ಸರ್ಕಾರ ನಮ್ಮ ಕಂಪನಿಯ ಹತ್ರ ಜನ ಕೇಳಿದೆ. ಮ್ಯಾನೇಜರ್ ನನ್ನನ್ನು ಹೋಗು ಅಂತಾನೆ. ನಾಳೆ ಉತ್ತರ ಕೊಡ್ಬೇಕು."

"ಹೋಗ್ಬೇಡ. ಅಪ್ಪ ಹೇಳಿದ್ದಾರಲ್ಲ!"

"ಅಲ್ಲೇ ತಲೆ ಕೆಟ್ಟದ್ದು. ಸ್ಟ್ರೈಕ್ ಮಾಡಿದ್ದು ಧಣಿಗಳು! ದೊಡ್ಡ ಆಫೀಸರ್‌ಗಳು. ಕೆಲಸದವರನ್ನೂ ಎಳ್ಕೊಂಡಿದ್ದಾರೆ. ಸಂಬಳಕ್ಕೆ ಅಲ್ಲ, ಸರ್ಕಾರ ಇಳೀಬೇಕಂತೆ."

"ಸರ್ಕಾರ ಯಾರದ್ದು?"

"ಕೆಂಪು ಬಾವುಟದ್ದು!"

ಹೋದರೆ ಸ್ಟ್ರೈಕ್ ಮುರಿದ ಹಾಗೆ. ಹೋಗದಿದ್ದರೆ ಧಣಿಗಳ ಜೊತೆ ಕೈ ಜೋಡಿಸಿದ ಹಾಗೆ. ಅದೂ ಇರಲಿ, ಮ್ಯಾನೇಜರ್ ಸಿಟ್ಟಾಗಿ, ವೀಸಾ ಕೊಟ್ಟ ಕಫೀಲ್‌ಗೆ ಹೇಳಿ ಊರಿಗೆ ಕಳಿಸಿದರೆ? ಅವನ ಮಕ್ಕಳಿಬ್ಬರೂ ಇಲ್ಲಿನ ಶಾಲೆಯಲ್ಲಿದ್ದಾರೆ. ವಾರವಾರ ಈ ಅಂಕಣದಲ್ಲಿ ನಿಮಗೆ ಬುದ್ಧಿ ಹೇಳುವ ನಾನು ಈ ಸಲ ನಿಮ್ಮನ್ನೇ ಕೇಳುತ್ತೇನೆ: ದಾರಿ ಹೊಳೆಯುತ್ತದೆಯೇ?

ನನ್ನಾಕೆ ಅನ್ನ ಬಡಿಸುತ್ತ ವಸಂತನನ್ನು ಕೇಳಿದಳು: "ನಿಮಗೆ ಅಪ್ಪನ ಮಾತು ಮುಖ್ಯವಾ, ಅಪ್ಪನ ಬಾವುಟವಾ?"

"ಎರಡೂ ಒಂದೇ ಅಂತ ತಿಳ್ಕೊಂಡಿದ್ದೆ ಅಕ್ಕ," ಎಂದ ವಸಂತ. ಪಾಪ ಅನಿಸಿತು.

ಶನಿವಾರ ಸಂಜೆ ಅವನ ಫೋನ್ ಬಂತು.

"ಹೋಗುದಿಲ್ಲ ಅಂದೆ. ಸ್ಟ್ರೈಕ್ ಮಾಡಿದವರ ಜಾಗದಲ್ಲಿ ನಾನು ನಿಲ್ಲುದಿಲ್ಲ ಅಂತ ಮುಖಕ್ಕೇ ಹೇಳಿದೆ."

"ಕೆಲಸ ಖಲಾಸಾ?" ಎಂದೆ.

"ಇಲ್ಲ. ಮ್ಯಾನೇಜರ್ ಎದ್ದು ಬಂದು ಕೈ ಕುಲುಕಿದ. ಒಳ್ಳೇ ಕೆಲಸ ಮಾಡಿದೆ, ಆ ಕೆಂಪು ಸರ್ಕಾರ ಬೀಳ್ಲೇಬೇಕು, ಮೇಲಿನವರು ಹೇಳಿದ್ರು ಅಂತ ನಿನ್ನನ್ನು ಕೇಳಿದ್ದಷ್ಟೇ ಅಂದ. ಚಹಾ ಬೇರೆ ತರಿಸಿದ."

ಅಂತೂ ನೌಕರಿ ಉಳಿಯಿತು. ಆದರೆ ಖುಷಿಪಡಬೇಕಾದವನ ದನಿಯಲ್ಲಿ ಜೀವವೇ ಇರಲಿಲ್ಲ. ಫೋನ್ ಇಡುವ ಮೊದಲು ಕೇಳಿದ:

"ಮ್ಯಾನೇಜರ್ ಕೈ ಕುಲುಕುವ ಸ್ಟ್ರೈಕಿಗೆ ಅಪ್ಪ ಎಂತ ಹೇಳ್ತಿದ್ರು ಮಾರಾಯ್ರೆ?"