ಖಾಲಿ ಕೋಣೆಯ ಬಾಗಿಲು ತಟ್ಟುವಾಕೆ

ಬೆಳಗಿನ ಐದೂವರೆ. ಹೋಟೆಲಿನ ಮೂರನೇ ಮಹಡಿಯಲ್ಲಿ ಒಬ್ಬ ಅತಿಥಿಯೂ ಇಲ್ಲ. ಆದರೂ ಎಲ್ಲರ ಬಾಯಲ್ಲಿ ನಲ್ಲಿಯಕ್ಕ ಎನಿಸಿಕೊಂಡಿರುವ ಐವತ್ತೆರಡರ ಈ ಹೆಂಗಸು ಮೊದಲ ಕೋಣೆಯ ಬಾಗಿಲನ್ನು ಮೂರು ಸಲ ತಟ್ಟುತ್ತಾರೆ, "ರೂಮ್ ಕ್ಲೀನಿಂಗ್" ಎನ್ನುತ್ತಾರೆ, ಉತ್ತರಕ್ಕೆ ಕಾಯುತ್ತಾರೆ. ಉತ್ತರ ಬರುವುದಿಲ್ಲ. ಒಳಹೋಗಿ ಕಿಟಕಿ ತೆರೆದು, ಬೇಸಿನ್ನಿನದೊಂದು, ಶವರಿನದೊಂದು ನಲ್ಲಿ ತಿರುಗಿಸುತ್ತಾರೆ. ಪೈಪು ಎರಡು ಸಲ ಕೆಮ್ಮಿ, ಆಮೇಲೆ ತಿಳಿನೀರು ಕೊಡುತ್ತದೆ.

ಖಾಲಿ ಕೋಣೆಯ ಬಾಗಿಲು ಯಾಕೆ ತಟ್ಟಬೇಕು? "ಒಳಗೆ ಯಾರೂ ಇಲ್ಲ ಅಂತ ಕೋಣೆಗೆ ಮರ್ಯಾದೆ ಇಲ್ವಾ?"

ಹತ್ತೊಂಬತ್ತು ವರ್ಷದಿಂದ ಇಲ್ಲಿ ಹಾಸಿಗೆ ಹಾಸುವ ಕೆಲಸ. ಸಾಂಕ್ರಾಮಿಕ ಬಂದ ವರ್ಷ ಪ್ರವಾಸಿ ಬಸ್ಸುಗಳು ನಿಂತವು, ನಲವತ್ತೆರಡು ಕೋಣೆಗಳಿಗೂ ಬೀಗ ಬಿತ್ತು, ಒಂಬತ್ತು ಜನ ಹೆಂಗಸರನ್ನು ಮನೆಗೆ ಕಳಿಸಿದರು. ಮನೆಯಲ್ಲಿ ಇವರ ಕೈ ಸುಮ್ಮನಿರಲಿಲ್ಲ. ಅಭ್ಯಾಸಬಲದಿಂದ ಅತ್ತೆಯ ಹೊದಿಕೆಯ ಅಂಚನ್ನು ಹಾಸಿಗೆಯಡಿ ಎಷ್ಟು ಬಿಗಿಯಾಗಿ ಸಿಕ್ಕಿಸಿದರೆಂದರೆ, ಬೆಳಿಗ್ಗೆ ಅತ್ತೆಗೆ ಏಳಲಾಗಲಿಲ್ಲ. "ನಾನೇನು ನಿನ್ನ ಗಿರಾಕಿನೇನೇ? ಮೊದ್ಲು ನನ್ನ ಬಿಚ್ಚು. ಆಮೇಲೆ ಆ ಹಾಳು ಹೋಟ್ಲಿಗೇ ಹೋಗು."

ಹೋದರು. ಪೈಪಿನಲ್ಲಿ ನೀರು ನಿಂತರೆ ಕೋಣೆಯೆಲ್ಲ ನಾರುತ್ತದೆ ಎಂದು ಕಾವಲುಗಾರನ ತಲೆ ತಿಂದು ಕೀಲಿಗೊಂಚಲು ಪಡೆದರು. ಹದಿನಾಲ್ಕು ತಿಂಗಳು, ಸಂಬಳವಿಲ್ಲದೆ, ದಿನಕ್ಕೆ ಎಂಬತ್ತನಾಲ್ಕು ನಲ್ಲಿ. ಹೆಸರು ಬಿದ್ದದ್ದು ಆಗಲೇ. ಹೊಟ್ಟೆಪಾಡಿಗೆ ಮಧ್ಯಾಹ್ನ ನೆರೆಮನೆಗಳ ಬಟ್ಟೆ ಒಗೆದರು.

ಹೋಟೆಲು ತೆರೆಯಿತು; ಜನ ಮೊದಲಿನಷ್ಟು ಬರಲಿಲ್ಲ. ಒಂಬತ್ತು ಹೆಂಗಸರಲ್ಲಿ ನಾಲ್ವರಿಗಷ್ಟೇ ಕರೆ ಬಂತು. ಈಗ ಹೊಸ ಮ್ಯಾನೇಜರ್ ಮೂರನೇ ಮಹಡಿಯನ್ನು ಗೋದಾಮು ಮಾಡಲು ಹೊರಟಿದ್ದಾರೆ. ಹಾಗಾದರೆ ಇನ್ನಿಬ್ಬರ ಕೆಲಸ ಹೋಗುತ್ತದೆ: ನಲ್ಲಿಯಕ್ಕನದು, ಜೊತೆಗೇ ದುಡಿಯುವ ಅವರ ನಾದಿನಿಯದು.

ಕಳೆದ ವಾರ ಮಾಲೀಕರನ್ನು ಕರೆತಂದ ಮ್ಯಾನೇಜರ್, "ಬರೀ ಮುಗ್ಗಲು ವಾಸನೆ ಸರ್" ಎಂದರು, ಬಾಗಿಲು ತೆರೆಯುವ ಮೊದಲೇ. ನಲ್ಲಿಯಕ್ಕ ಅಡ್ಡ ನಿಂತು, ಮೂರು ಸಲ ತಟ್ಟಿದ ಮೇಲೆಯೇ ತೆರೆದರು. ಮಾಲೀಕರು ಮೂಸಿದರು. ನಲ್ಲಿ ತಿರುಗಿಸಿ, ಬೊಗಸೆಯಲ್ಲಿ ನೀರು ಹಿಡಿದು ಮುಖ ತೊಳೆದರು. ಕಣ್ಣು ಮುಚ್ಚಿಕೊಂಡೇ ಕೈ ಚಾಚಿದರೆ ಟವೆಲ್ ಅಲ್ಲೇ ಇತ್ತು.

"ಎಲ್ಲಯ್ಯಾ ವಾಸನೆ?"

ಮ್ಯಾನೇಜರಿಗೆ ಆಗಲೇ ಕಿಟಕಿಯ ಹೊರಗಿನ ನೋಟದಲ್ಲಿ ಬಹಳ ಆಸಕ್ತಿ ಹುಟ್ಟಿತ್ತು.

"ಮುಂದಿನ ಸೀಸನ್ ಮುಗೀಲಿ. ಅಲ್ಲೀತನಕ ಬೀಗ ಬೇಡ," ಎಂದು ಮಾಲೀಕರು ಇಳಿದು ಹೋದರು.

ಸೀಸನ್ನಿಗೆ ಇನ್ನೂ ಎರಡು ತಿಂಗಳು. ನೀರು ದಂಡ ಎಂದು ಮ್ಯಾನೇಜರ್ ದಿನಾ ಗೊಣಗುತ್ತಾರೆ. "ಗೊಣಗ್ಲಿ. ನಲ್ಲಿ ಬಿಟ್ಟಿರ್ತೀನಲ್ಲ, ನಂಗೇನೂ ಕೇಳ್ಸಲ್ಲ."

ನಿಮಗೇನು ಆಸೆ ಎಂದರೆ, ಮಹಡಿಯ ಕೊನೆಯ ಕೋಣೆಯಲ್ಲಿ ಚಾದರದ ಅಂಚನ್ನು ಒಳಗೆ ತಳ್ಳುತ್ತಲೇ ಹೇಳುತ್ತಾರೆ: "ಯಾರಾದ್ರೂ ಬಂದು ಮಲಗಿ, ಇದನ್ನೆಲ್ಲಾ ಕೆದರಿ ಹಾಕಿ ಹೋಗ್ಲಿ. ಸರಿ ಮಾಡೋಕೆ ನಾನಿದೀನಿ."